ಕ್ಯಾಮೆರಾ ಚಿತ್ರದ ಅಕ್ಷಗಳಿಗೆ ಸ್ಕೇಲ್ ಕೂಡಿಸುವುದು: ಯಾವ ದಾರಿ ಯಾವ ಲ್ಯಾಬಿಗೆ?

ಚಿತ್ರ ತೋರಿಸುವ ಯಾವ ಕಂಟ್ರೋಲ್ ತಂತ್ರಾಂಶ ತೆರೆದರೂ ಅಕ್ಷದ ಸೆಟ್ಟಿಂಗ್‌ನಲ್ಲಿ ಮಿನಿಮಮ್, ಮ್ಯಾಕ್ಸಿಮಮ್ ಅನ್ನುವ ಎರಡು ಖಾನೆ ಇದ್ದೇ ಇರುತ್ತವೆ. ಹೆಸರು ಒಂದೇ, ಕೆಲಸ ಬೇರೆ ಬೇರೆ. ಎಪಿಕ್ಸ್ ಎಂಬ ಉಪಕರಣ ನಿಯಂತ್ರಣ ವ್ಯವಸ್ಥೆಯ ಪರದೆ ತಂತ್ರಾಂಶ ಫೀಬಸ್‌ನ ಇಮೇಜ್ ವಿಜೆಟ್‌ನಲ್ಲಿ (ಚಿತ್ರ ತೋರಿಸುವ ಚೌಕಟ್ಟಿನಲ್ಲಿ) ಎಕ್ಸ್ ಅಕ್ಷದ ಮ್ಯಾಕ್ಸಿಮಮ್ 1280 ಇದ್ದದ್ದನ್ನು, ಸೆನ್ಸರ್ ಮೇಲೆ ಪಿಕ್ಸೆಲ್ ಒಂದಕ್ಕೆ 5.2 ಮೈಕ್ರಾನ್ ಲೆಕ್ಕದಲ್ಲಿ, 6.656 ಮಾಡಿದರೆ ಚಿತ್ರ ಹಾಗೇ ಇರುತ್ತದೆ. ಅಂಚಿನ ಅಂಕಿಗಳು ಮಾತ್ರ ಪಿಕ್ಸೆಲ್‌ನಿಂದ ಮಿಲಿಮೀಟರಿಗೆ ತಿರುಗುತ್ತವೆ. ಚಿತ್ರರೂಪದಲ್ಲಿ ಪ್ರೋಗ್ರಾಮ್ ಬರೆಯುವ ಲ್ಯಾಬ್‌ವ್ಯೂನ ಇಂಟೆನ್ಸಿಟಿ ಗ್ರಾಫ್‌ನಲ್ಲಿ ಇದನ್ನೇ ಮಾಡಿದರೆ ಎಡಗಡೆಯ ಆರೇಳು ಕಾಲಮ್‌ಗಳು ಪರದೆ ತುಂಬ ಹಿಗ್ಗಿ ಕೂರುತ್ತವೆ, ಉಳಿದ ಚಿತ್ರ ಮಾಯ. ಮೊದಲನೆಯದು ಸ್ಕೇಲ್ ಬದಲಿಸಿತು, ಎರಡನೆಯದು ಬರೀ ನೋಟದ ಮಿತಿ ಬದಲಿಸಿತು. ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಎಕ್ಸ್‌ಟೆಂಟ್ ಮತ್ತು ಎಕ್ಸ್‌ಲಿಮ್ ನಡುವೆ ಇರುವುದೂ ಇದೇ ವ್ಯತ್ಯಾಸ. ಅಂಥದೇ ಇನ್ನೊಂದು ಲೈಬ್ರರಿ ಪೈಕ್ಯೂಟಿಗ್ರಾಫ್‌ನಲ್ಲಿ ಸೆಟ್‌ರೆಕ್ಟ್ ಸ್ಕೇಲ್ ಕೊಡುತ್ತದೆ, ಸೆಟ್‌ಎಕ್ಸ್‌ರೇಂಜ್ ಝೂಮ್ ಮಾಡುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಮಾಡುವಾಗ ಲ್ಯಾಬ್‌ವ್ಯೂ ಕಲಿತವರು ಧಾರವಾಡದ ಪಾವಟೆ ನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೋ ಐಐಟಿ ಧಾರವಾಡಕ್ಕೋ ಬಂದು ಪೈಥಾನ್ ಹಿಡಿದಾಗ ಎಡವುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಹೊಸ ತಂತ್ರಾಂಶದ ಮುಂದೆ ಕೂತಾಗ ಮೊದಲ ಪ್ರಶ್ನೆ ಇದು: ಈ ಖಾನೆಯ ಅಂಕಿ ಚಿತ್ರಕ್ಕೆ ಅಂಟಿಕೊಳ್ಳುತ್ತದೋ, ಕಿಟಕಿಗೆ ಅಂಟಿಕೊಳ್ಳುತ್ತದೋ? ತಿಳಿಯಲು ಒಂದು ಸಲ ಝೂಮ್ ಮಾಡಿ, ಮತ್ತೆ ಪೂರ್ತಿ ಚಿತ್ರಕ್ಕೆ ಬನ್ನಿ. ನೀವು ಕೊಟ್ಟ ಅಂಕಿ ಚಿತ್ರದ ಅಂಚಿನಲ್ಲೇ ಉಳಿದಿದ್ದರೆ ಅದು ಸ್ಕೇಲ್. ಅಳಿಸಿಹೋಗಿ ಪಿಕ್ಸೆಲ್ ಸಂಖ್ಯೆ ಬಂದಿದ್ದರೆ ಅದು ರೇಂಜ್.

ಮೊದಲು ಬೇಕಾದ ಒಂದು ಅಂಕಿ

ಯಾವ ದಾರಿ ಹಿಡಿದರೂ ಪಿಕ್ಸೆಲ್ ಒಂದಕ್ಕೆ ಎಷ್ಟು ಮೈಕ್ರಾನ್ ಎಂಬುದು ಕೈಯಲ್ಲಿರಬೇಕು. ಸೆನ್ಸರ್‌ನ ಪಿಕ್ಸೆಲ್ 5.2 ಮೈಕ್ರಾನ್, ಆಬ್ಜೆಕ್ಟಿವ್ 10 ಎಕ್ಸ್, ಹಾಗಾಗಿ 0.52 ಎಂದು ಲೆಕ್ಕ ಹಾಕಿ ಮುಗಿಸುವವರು ಬಹಳ. ಆ ಲೆಕ್ಕ ಅಂದಾಜಿಗೆ ಸರಿ, ಅಳತೆಗೆ ಸಾಲದು. ಆಬ್ಜೆಕ್ಟಿವ್ ಮೇಲೆ ಬರೆದ ವರ್ಧನೆ ಅದಕ್ಕೆಂದೇ ಮಾಡಿದ ಟ್ಯೂಬ್ ಲೆನ್ಸ್ ಜೊತೆಗೆ ಮಾತ್ರ ನಿಜ. ಕ್ಯಾಮೆರಾ ಅಡಾಪ್ಟರ್‌ನಲ್ಲಿ 0.5 ಎಕ್ಸ್ ಲೆನ್ಸ್ ಅಡಗಿದ್ದರಂತೂ ಎಲ್ಲವೂ ದುಪ್ಪಟ್ಟು ತಪ್ಪು.

ಸಸ್ಯಶಾಸ್ತ್ರ ವಿಭಾಗದಲ್ಲಿ ಸಿಗುವ ಸ್ಟೇಜ್ ಮೈಕ್ರೋಮೀಟರ್ ಸಾಕು. ಸಾಮಾನ್ಯವಾಗಿ 1 ಮಿ.ಮೀ. ಉದ್ದವನ್ನು 100 ಭಾಗ ಮಾಡಿರುತ್ತಾರೆ, ಅಂದರೆ ಗೆರೆಯಿಂದ ಗೆರೆಗೆ 10 ಮೈಕ್ರಾನ್. ಅದನ್ನು ಚಿತ್ರದ ಅಡ್ಡಕ್ಕೆ ನೆಟ್ಟಗೆ ಕೂಡಿಸಿ 50 ಭಾಗ ಎಣಿಸಿ. 500 ಮೈಕ್ರಾನಿಗೆ ಸುಮಾರು 961 ಪಿಕ್ಸೆಲ್ ಬಂದರೆ 0.520. ಗೆರೆಯ ಎಡ ಅಂಚಿನಿಂದ ಎಡ ಅಂಚಿಗೇ ಅಳೆಯಿರಿ, ಗೆರೆಗೂ ದಪ್ಪ ಇದೆ. ಎರಡೂ ತುದಿಯಲ್ಲಿ ಒಂದೊಂದು ಪಿಕ್ಸೆಲ್ ಆಚೀಚೆ ಆದರೂ ದೋಷ ಶೇ. 0.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಬರೀ 5 ಭಾಗ ಎಣಿಸಿದರೆ ಅದೇ ಪಿಕ್ಸೆಲ್ ದೋಷ ಹತ್ತು ಪಟ್ಟಾಗುತ್ತದೆ. ಲಂಬಕ್ಕೂ ಒಮ್ಮೆ ತಿರುಗಿಸಿ ಅಳೆಯಿರಿ. ಎರಡೂ ಒಂದೇ ಬಂದರೆ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಸ್ಲೈಡ್ ಮೇಲೆ ಒಂದು ಹತ್ತಿಯ ಎಳೆ ಇಡಿ. ನಮ್ಮ ಕಡೆ ಅದಕ್ಕೇನು ಬರವಿಲ್ಲ. ಎಳೆಯ ಅಗಲ ಸುಮಾರು 12ರಿಂದ 20 ಮೈಕ್ರಾನ್ ಬರಬೇಕು. ಪರದೆಯ ಅಕ್ಷ 150 ತೋರಿಸಿದರೆ ಎಲ್ಲೋ ಹತ್ತರ ಗುಣಕ ತಪ್ಪಿದೆ. 8 ತೋರಿಸಿದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ.

ಕೈಯಿಂದ ತುಂಬುವುದು

ಕ್ಯಾಮೆರಾ ಒಂದೇ, ಆಬ್ಜೆಕ್ಟಿವ್ ಒಂದೇ, ಯಾರೂ ರೀಜನ್ (ಸೆನ್ಸರ್‌ನಲ್ಲಿ ಓದುವ ಭಾಗ) ಬದಲಿಸುವುದಿಲ್ಲ, ಬಿನ್ನಿಂಗ್ (ಪಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸೇರಿಸಿ ಒಂದಾಗಿ ಓದುವುದು) ಮುಟ್ಟುವುದಿಲ್ಲ ಎಂದರೆ ವಿಜೆಟ್‌ನಲ್ಲೇ ಅಂಕಿ ಬರೆದು ಬಿಡುವುದು ತಪ್ಪಲ್ಲ. ಗದಗ, ಹಾವೇರಿಯ ಡಿಗ್ರಿ ಕಾಲೇಜಿನ ನ್ಯೂಟನ್ ರಿಂಗ್ಸ್ ಪ್ರಯೋಗಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ. 1280 ಗುಣಿಸು 0.52, ಎಕ್ಸ್‌ಗೆ 0ಯಿಂದ 665.6. 1024 ಗುಣಿಸು 0.52, ವೈಗೆ 0ಯಿಂದ 532.48. ಅಕ್ಷದ ಹೆಸರಿನಲ್ಲಿ ಮೈಕ್ರಾನ್ ಎಂದು ಬರೆಯಿರಿ. ಕೆಲಸ ಮುಗಿಯಿತು.

ಫೀಬಸ್‌ನಲ್ಲಿ ಒಂದು ಎಚ್ಚರ: ಡೇಟಾ ಅಗಲ, ಡೇಟಾ ಎತ್ತರ ಎಂಬ ಬೇರೆ ಎರಡು ಖಾನೆ ಇವೆ. ಅವು ಅಕ್ಷಕ್ಕೆ ಸಂಬಂಧಪಟ್ಟವಲ್ಲ. ಎಪಿಕ್ಸ್ ಡೇಟಾ ಕಳಿಸುವ ಚಾನೆಲ್ ಆಕ್ಸೆಸ್ ಮೂಲಕ ಚಿತ್ರ ಬರುವುದು ಉದ್ದನೆಯ ಒಂದೇ ಸಾಲಾಗಿ. ಅದನ್ನು ಎಲ್ಲಿ ಮಡಿಸಬೇಕು ಎಂದು ಹೇಳುವುದು ಈ ಖಾನೆಗಳು. ಅಲ್ಲಿ ಮೈಕ್ರಾನ್ ಬರೆದರೆ ಚಿತ್ರ ಕಲಸಿಹೋಗುತ್ತದೆ. 1280ರ ಬದಲು 1279 ಬರೆದರೆ ಚಿತ್ರ ಓರೆಯಾಗಿ ಜಾರಿದ ಪಟ್ಟಿಗಳಾಗುತ್ತದೆ. ಓರೆ ಕಂಡರೆ ಅಕ್ಷ ಹುಡುಕಬೇಡಿ, ಅಗಲ ನೋಡಿ. ಚಿತ್ರವೇ ಬಾರದಿದ್ದರೆ, ಅದರಲ್ಲೂ ಹಳೆಯ ಎಪಿಕ್ಸ್ ಆವೃತ್ತಿಯಾಗಿದ್ದರೆ, ಅರೇ (ಅಂಕಿಗಳ ಸಾಲು) ಗಾತ್ರದ ಮಿತಿ ನೋಡಿ. ಮೊದಲು ಅದು 16,384 ಬೈಟ್ ಇತ್ತು. ನಮ್ಮ ಚಿತ್ರ 13,10,720 ಬೈಟ್.

ಈ ದಾರಿಯ ದೋಷ ಒಂದೇ, ಆದರೆ ದೊಡ್ಡದು. ಯಾರಾದರೂ ವೇಗ ಹೆಚ್ಚಿಸಲೆಂದು ರೀಜನ್ ಅನ್ನು ಅರ್ಧ ಮಾಡಿದ ಕ್ಷಣ ಅಕ್ಷ ಸುಳ್ಳು ಹೇಳತೊಡಗುತ್ತದೆ. ಚಿತ್ರ ಚೆಂದವಾಗೇ ಕಾಣುತ್ತದೆ, ಎಚ್ಚರಿಕೆ ಏನೂ ಬರುವುದಿಲ್ಲ, 332.8 ಮೈಕ್ರಾನ್ ಅಗಲದ ಚಿತ್ರದ ಕೆಳಗೆ 665.6 ಎಂದೇ ಬರೆದಿರುತ್ತದೆ. ಅಕ್ಷವೇ ಇಲ್ಲದ ಚಿತ್ರ ಇದಕ್ಕಿಂತ ವಾಸಿ.

ಆಫ್‌ಸೆಟ್ ಮತ್ತು ಮಲ್ಟಿಪ್ಲೈಯರ್

ಲ್ಯಾಬ್‌ವ್ಯೂನ ದಾರಿ ಇದು. ಇಂಟೆನ್ಸಿಟಿ ಗ್ರಾಫ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸ್ಕೇಲ್ಸ್ ಟ್ಯಾಬ್, ಅಲ್ಲಿ ಸ್ಕೇಲಿಂಗ್ ಫ್ಯಾಕ್ಟರ್ಸ್. ಆಫ್‌ಸೆಟ್ 0, ಮಲ್ಟಿಪ್ಲೈಯರ್ 0.52. ಪ್ರೋಗ್ರಾಮ್ ಓಡುವಾಗಲೇ ಬದಲಿಸಬೇಕಾದರೆ ಪ್ರಾಪರ್ಟಿ ನೋಡ್‌ನಲ್ಲಿ ಎಕ್ಸ್ ಸ್ಕೇಲ್‌ನ ಆಫ್‌ಸೆಟ್ ಆಂಡ್ ಮಲ್ಟಿಪ್ಲೈಯರ್ ತೆಗೆದುಕೊಳ್ಳಿ. ಪೈಕ್ಯೂಟಿಗ್ರಾಫ್‌ನ ಇಮೇಜ್‌ವ್ಯೂನಲ್ಲಿ ಸೆಟ್‌ಇಮೇಜ್‌ಗೆ ಪೊಸ್, ಸ್ಕೇಲ್ ಎಂದು ಕೊಡುವುದೂ ಇದೇ ಬಗೆ.

ನಮ್ಮ ಮಟ್ಟಿಗೆ ಮಿನಿಮಮ್-ಮ್ಯಾಕ್ಸಿಮಮ್‌ಗಿಂತ ಇದು ಮೇಲು. ಕಾರಣ ಸರಳ: ರೀಜನ್ ಚಿಕ್ಕದಾದರೂ ಮಲ್ಟಿಪ್ಲೈಯರ್ ಬದಲಾಗುವುದಿಲ್ಲ. ಬಲತುದಿಯ ಅಂಕಿಯನ್ನು ತಂತ್ರಾಂಶವೇ ಲೆಕ್ಕ ಹಾಕುತ್ತದೆ. ಆದರೂ ರೀಜನ್ ಎಡದಿಂದ ಸರಿದರೆ ಆಫ್‌ಸೆಟ್ ಬದಲಿಸಬೇಕು, ಬಿನ್ನಿಂಗ್ 2 ಮಾಡಿದರೆ ಮಲ್ಟಿಪ್ಲೈಯರ್ 1.04 ಆಗಬೇಕು. ಅರ್ಧ ತೊಂದರೆ ಕಳೆಯುತ್ತದೆ, ಅರ್ಧ ಉಳಿಯುತ್ತದೆ.

ಲ್ಯಾಬ್‌ವ್ಯೂನಲ್ಲಿ ಇನ್ನೂ ಎರಡು ಹೊಂಚು ಹಾಕಿ ಕೂತಿವೆ. ಅರೇಯ ಸಾಲುಗಳನ್ನು ಅದು ಪರದೆಯ ಕಾಲಮ್‌ಗಳನ್ನಾಗಿ ಬಿಡಿಸುತ್ತದೆ. ರೈಟ್ ಕ್ಲಿಕ್ ಮೆನುವಿನ ಟ್ರಾನ್ಸ್‌ಪೋಸ್ ಅರೇ ಒತ್ತದಿದ್ದರೆ ಎಕ್ಸ್‌ಗೆ ಕೊಟ್ಟ ಸ್ಕೇಲ್ ವೈ ದಿಕ್ಕಿನ ಡೇಟಾಕ್ಕೆ ಬೀಳುತ್ತದೆ. ಎರಡೂ ಕಡೆ 0.52 ಇದ್ದರೆ ಇದು ಗೊತ್ತೇ ಆಗುವುದಿಲ್ಲ. ಇನ್ನೊಂದು, ಸೊನ್ನೆಯ ಸಾಲು ಅಲ್ಲಿ ಕೆಳಗಿರುತ್ತದೆ, ಕ್ಯಾಮೆರಾದ ಸೊನ್ನೆಯ ಸಾಲು ಮೇಲಿರುತ್ತದೆ.

ಅಕ್ಷಕ್ಕೆ ಸರ್ವರ್‌ನಿಂದಲೇ ಅಂಕಿ ಕೊಡುವುದು

ಒಂದಕ್ಕಿಂತ ಹೆಚ್ಚು ಜನ ಮುಟ್ಟುವ ಉಪಕರಣಕ್ಕೆ ನಮ್ಮ ಆಯ್ಕೆ ಇದು. ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಾಲಯಗಳಲ್ಲಿ ಹುಟ್ಟಿದ ಎಪಿಕ್ಸ್‌ನಲ್ಲಿ ಕ್ಯಾಮೆರಾ ನೋಡಿಕೊಳ್ಳುವುದು ಏರಿಯಾಡಿಟೆಕ್ಟರ್ ಎಂಬ ಭಾಗ. ರೀಜನ್ ಎಲ್ಲಿ ಶುರು, ಎಷ್ಟು ಅಗಲ, ಬಿನ್ನಿಂಗ್ ಎಷ್ಟು ಎಂಬುದೆಲ್ಲ ಮಿನ್‌ಎಕ್ಸ್, ಸೈಜ್‌ಎಕ್ಸ್, ಬಿನ್‌ಎಕ್ಸ್ ಎಂಬ ಹೆಸರಿನಲ್ಲಿ ಅದರ ಬಳಿ ಇದ್ದೇ ಇದೆ. ಗೊತ್ತಿರುವವನನ್ನೇ ಕೇಳುವುದು ಬಿಟ್ಟು ಪರದೆಯಲ್ಲಿ ಮತ್ತೊಮ್ಮೆ ಬರೆಯುವುದೇಕೆ?

ಮಾಡುವುದು ಹೀಗೆ. ಪಿಕ್ಸೆಲ್ ಅಳತೆಗೆ ಒಂದು ಅನಲಾಗ್ ಔಟ್‌ಪುಟ್ ರೆಕಾರ್ಡ್ (ಸರ್ವರ್ ಒಂದು ಅಂಕಿಯನ್ನು ಇಟ್ಟುಕೊಳ್ಳುವ ಜಾಗ) ಮಾಡಿ, ಯೂನಿಟ್ ಖಾನೆಯಲ್ಲಿ ಮೈಕ್ರಾನ್ ಬರೆಯಿರಿ. ಲೆಕ್ಕ ಹಾಕುವ ಎರಡು ಕ್ಯಾಲ್ಕ್ ರೆಕಾರ್ಡ್ ಸೇರಿಸಿ: ಎಡ ಅಂಚು ಎಂದರೆ ಮಿನ್‌ಎಕ್ಸ್ ಗುಣಿಸು ಪಿಕ್ಸೆಲ್ ಅಳತೆ, ಬಲ ಅಂಚು ಎಂದರೆ ಮಿನ್‌ಎಕ್ಸ್ ಮತ್ತು ಸೈಜ್‌ಎಕ್ಸ್ ಕೂಡಿಸಿ ಗುಣಿಸು ಪಿಕ್ಸೆಲ್ ಅಳತೆ. ವೈಗೂ ಹಾಗೇ ಎರಡು. ಬರೆದು ಕಳಿಸಿದ ಅಂಕಿಯನ್ನಲ್ಲ, ಕ್ಯಾಮೆರಾ ಒಪ್ಪಿ ಹಿಂದಿರುಗಿಸಿದ ರೀಡ್‌ಬ್ಯಾಕ್ ಅಂಕಿಯನ್ನೇ ತಗೊಳ್ಳಿ. ಎಷ್ಟೋ ಕ್ಯಾಮೆರಾಗಳು ರೀಜನ್ ಅನ್ನು 8 ಅಥವಾ 16ರ ಗುಣಕಕ್ಕೆ ಸರಿಹೊಂದಿಸಿಕೊಳ್ಳುತ್ತವೆ. ನಂತರ ಫೀಬಸ್‌ನ ವಿಜೆಟ್‌ಗೆ ಒಂದು ರೂಲ್: ಎಕ್ಸ್ ಅಕ್ಷದ ಮಿನಿಮಮ್ ಎಂಬ ಪ್ರಾಪರ್ಟಿಗೆ ಮೊದಲ ರೆಕಾರ್ಡ್, ಮ್ಯಾಕ್ಸಿಮಮ್‌ಗೆ ಎರಡನೆಯದು. ಔಟ್‌ಪುಟ್ ಅನ್ನು ಎಕ್ಸ್‌ಪ್ರೆಶನ್ ಎಂದು ಗುರುತು ಮಾಡುವುದು ಮರೆಯಬೇಡಿ. ಅದೇ ಕೆಲಸವನ್ನು ಸ್ಕ್ರಿಪ್ಟ್‌ನಲ್ಲೂ ಮಾಡಬಹುದು, ಆದರೆ ನಾಲ್ಕು ಅಂಕಿಗೆ ಸ್ಕ್ರಿಪ್ಟ್ ಏಕೆ?

ಏರಿಯಾಡಿಟೆಕ್ಟರ್‌ನಲ್ಲಿ ಮಿನ್‌ಎಕ್ಸ್, ಸೈಜ್‌ಎಕ್ಸ್ ಎರಡೂ ಬಿನ್ನಿಂಗ್‌ಗೆ ಮುಂಚಿನ ಪಿಕ್ಸೆಲ್‌ಗಳು. ಆದ್ದರಿಂದ ಮೇಲಿನ ಲೆಕ್ಕದಲ್ಲಿ ಬಿನ್ನಿಂಗ್ ಕಾಣಿಸಿಕೊಳ್ಳುವುದೇ ಇಲ್ಲ. ಸೈಜ್ ಬದಲು ಅರೇಸೈಜ್ ತಗೊಂಡರೆ ಮಾತ್ರ ಬಿನ್‌ನಿಂದ ಗುಣಿಸಬೇಕು. ಆದರೆ ತಯಾರಕರ ತಂತ್ರಾಂಶಗಳಲ್ಲಿ ಬಿನ್ನಿಂಗ್ ಆದ ಮೇಲಿನ ಪಿಕ್ಸೆಲ್‌ನಲ್ಲಿ ರೀಜನ್ ಎಣಿಸುವ ರೂಢಿಯೂ ಇದೆ. ಊಹಿಸುವುದು ಬೇಡ: ಬಿನ್ನಿಂಗ್ 2 ಮಾಡಿ ಸೈಜ್ ಓದಿ. 1280 ಹಾಗೇ ಉಳಿದರೆ ಒಂದು ಬಗೆ, 640 ಆದರೆ ಇನ್ನೊಂದು ಬಗೆ.

ಹೆಚ್ಚು ಜನ ಮುಗ್ಗರಿಸುವುದು, ಬಂದ ಚಿತ್ರದಿಂದ ಒಂದು ತುಂಡು ಕತ್ತರಿಸಿ ಕೊಡುವ ಆರ್‌ಒಐ ಪ್ಲಗಿನ್ ಮುಂದೆ. ಪ್ಲಗಿನ್ ಎಣಿಸುವುದು ತನಗೆ ಬಂದ ಅರೇಯ ಪಿಕ್ಸೆಲ್‌ಗಳನ್ನು, ಸೆನ್ಸರ್‌ನದನ್ನಲ್ಲ. ಕ್ಯಾಮೆರಾದ ಮಿನ್‌ಎಕ್ಸ್ 320, ಬಿನ್ನಿಂಗ್ 2, ಪ್ಲಗಿನ್‌ನ ಮಿನ್‌ಎಕ್ಸ್ 100, ಸೈಜ್ 200 ಇದೆ ಎನ್ನಿ. ಪ್ಲಗಿನ್‌ನ 100 ಎಂದರೆ ಸೆನ್ಸರ್‌ನ 200. ಎಡ ಅಂಚು 320 ಕೂಡಿಸು 200, ಅಂದರೆ 520ನೇ ಪಿಕ್ಸೆಲ್, 270.4 ಮೈಕ್ರಾನ್. ಬಲ ಅಂಚು 920ನೇ ಪಿಕ್ಸೆಲ್, 478.4 ಮೈಕ್ರಾನ್. ನಡುವಿನ ಗುಣಾಕಾರ ಮರೆತು 320 ಮತ್ತು 100 ನೇರ ಕೂಡಿಸಿದರೆ ಎಡ ಅಂಚು 218.4 ಎಂದು ತೋರಿಸುತ್ತದೆ. 52 ಮೈಕ್ರಾನ್ ಗಾಳಿಯಲ್ಲಿ ಹೋಯಿತು.

ರೆಕಾರ್ಡ್ ಮಾಡುವಾಗ ಪ್ರೆಕ್ ಎಂಬ ಚಿಕ್ಕ ಖಾನೆ ಇದೆ, ದಶಮಾಂಶ ಎಷ್ಟು ತೋರಿಸಬೇಕು ಎಂದು ಹೇಳುವುದು. ಬಿಟ್ಟರೆ ಅದು ಸೊನ್ನೆ. ಒಳಗೆ 0.52 ಇದ್ದರೂ ಪರದೆಯ ಖಾನೆ 1 ಎಂದು ತೋರಿಸುತ್ತದೆ. ಯಾರೋ ಅದರಲ್ಲಿ ಕ್ಲಿಕ್ ಮಾಡಿ ಸುಮ್ಮನೆ ಎಂಟರ್ ಒತ್ತಿದರೆ ನಿಜಕ್ಕೂ 1 ಬರೆದುಬಿಡುತ್ತದೆ, ಎಲ್ಲ ಅಳತೆ ಹೆಚ್ಚುಕಡಿಮೆ ದುಪ್ಪಟ್ಟು. ಪ್ರೆಕ್ 4 ಇಡಿ. ಜೊತೆಗೆ ಪಿಕ್ಸೆಲ್ ಅಳತೆಯ ರೆಕಾರ್ಡನ್ನು ಆಟೋಸೇವ್ ಪಟ್ಟಿಗೆ ಸೇರಿಸಿ. ಮಳೆಗಾಲದ ಸಂಜೆ ಕರೆಂಟು ಹೋಗಿ ಬಂದರೆ ಸರ್ವರ್ ಹೊಸದಾಗಿ ಏಳುತ್ತದೆ. ಆಟೋಸೇವ್ ಇಲ್ಲದಿದ್ದರೆ ಹಳೆಯ ಡಿಫಾಲ್ಟ್ ಅಂಕಿಯೊಂದಿಗೆ ಏಳುತ್ತದೆ, ಮರುದಿನದ ಚಿತ್ರಗಳೆಲ್ಲ ಬೇರೆ ಸ್ಕೇಲ್‌ನಲ್ಲಿ.

ಚಿತ್ರದ ಜೊತೆಗೇ ಸ್ಕೇಲ್ ಕಳಿಸುವುದು

ರೂಲ್ ದಾರಿಗೆ ಒಂದು ಬಿರುಕಿದೆ. ರೀಜನ್ ಬದಲಾದಾಗ ಮಿನ್‌ಎಕ್ಸ್ ಒಂದು ಚಾನೆಲ್‌ನಲ್ಲಿ ಬರುತ್ತದೆ, ಚಿತ್ರ ಇನ್ನೊಂದರಲ್ಲಿ. ಒಂದೆರಡು ಫ್ರೇಮ್‌ಗಳ ಮಟ್ಟಿಗೆ ಹಳೆಯ ಚಿತ್ರಕ್ಕೆ ಹೊಸ ಅಕ್ಷ ಅಂಟಿರುತ್ತದೆ. ಕಣ್ಣಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಅಕ್ಷದ ಅಂಕಿ ಓದಿ ಮೋಟಾರ್ ಸರಿಸುವ ಸ್ಕ್ರಿಪ್ಟ್ ಇದ್ದರೆ ಲೆಕ್ಕಕ್ಕಿದೆ.

ಎಪಿಕ್ಸ್‌ನ ಹೊಸ ಪ್ರೋಟೋಕಾಲ್ ಪಿವಿ ಆಕ್ಸೆಸ್‌ನಲ್ಲಿ ಚಿತ್ರಗಳಿಗೆಂದಿರುವ ಎನ್‌ಟಿಎನ್‌ಡಿಅರೇ ಎಂಬ ಡೇಟಾ ರೂಪದಲ್ಲಿ ಪ್ರತಿ ದಿಕ್ಕಿಗೂ ಗಾತ್ರ, ಆಫ್‌ಸೆಟ್, ಪೂರ್ಣ ಗಾತ್ರ, ಬಿನ್ನಿಂಗ್, ತಿರುವು ಇವು ಐದೂ ಚಿತ್ರದೊಂದಿಗೇ ಒಂದೇ ಪೊಟ್ಟಣದಲ್ಲಿ ಬರುತ್ತವೆ. ಫೀಬಸ್ ವಿಜೆಟ್ ಅಗಲ-ಎತ್ತರಗಳನ್ನು ಡೇಟಾದಿಂದಲೇ ತಗೊಳ್ಳುವುದರಿಂದ ಓರೆ ಪಟ್ಟಿಗಳ ಕಾಟ ತಪ್ಪುತ್ತದೆ. ಪಿಕ್ಸೆಲ್ ಅಳತೆಯನ್ನು ಆಟ್ರಿಬ್ಯೂಟ್ ಆಗಿ ಸೇರಿಸಿದರೆ ಚಿತ್ರ ಉಳಿಸುವ ಎಚ್‌ಡಿಎಫ್5 ಫೈಲಿಗೂ ಅದು ಹೋಗುತ್ತದೆ. ಆರು ತಿಂಗಳ ಮೇಲೆ ಪ್ರಬಂಧ ಬರೆಯುವಾಗ ಯಾವ ಆಬ್ಜೆಕ್ಟಿವ್ ಎಂದು ನೆನಪಿಸಿಕೊಳ್ಳುವ ಗೋಳಿಲ್ಲ. ಮೈಕ್ರಾನಿಗೆ ಪರಿವರ್ತಿಸುವ ಕೆಲಸ ಮಾತ್ರ ನೋಡುವ ಕಡೆಯ ಪ್ರೋಗ್ರಾಮಿಗೆ ಬಿಟ್ಟದ್ದು. ಪೈಥಾನ್ ಬಲ್ಲವರೊಬ್ಬರು ಲ್ಯಾಬ್‌ನಲ್ಲಿದ್ದರೆ ಈ ದಾರಿ ಹಿಡಿಯಿರಿ, ಇಲ್ಲದಿದ್ದರೆ ರೂಲ್ ಸಾಕು.

ಅಂಚೋ, ನಡುವೋ

ಪಿಕ್ಸೆಲ್ ಒಂದು ಚುಕ್ಕಿಯಲ್ಲ, ಅದಕ್ಕೆ ಅಗಲವಿದೆ. 0 ಎಂಬ ಅಂಕಿ ಮೊದಲ ಪಿಕ್ಸೆಲ್‌ನ ಎಡ ಅಂಚಿಗೋ, ಅದರ ನಡುವಿಗೋ? ತಂತ್ರಾಂಶಗಳು ಇಲ್ಲಿ ಒಮ್ಮತದಲ್ಲಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್‌ನ ಎಕ್ಸ್‌ಟೆಂಟ್ ಹೊರ ಅಂಚುಗಳನ್ನು ಕೇಳುತ್ತದೆ. ಏನೂ ಕೊಡದಿದ್ದರೆ ಮೈನಸ್ 0.5ರಿಂದ ಶುರು ಮಾಡುತ್ತದೆ, ಆಗ ಮೊದಲ ಪಿಕ್ಸೆಲ್‌ನ ನಡುವು 0 ಆಗುತ್ತದೆ. ಮ್ಯಾಟ್‌ಲ್ಯಾಬ್‌ನಲ್ಲಿ ಚಿತ್ರ ತೋರಿಸುವ ಇಮೇಜ್‌ಎಸ್‌ಸಿ ಆಜ್ಞೆ ಮೊದಲ ಮತ್ತು ಕೊನೆಯ ಪಿಕ್ಸೆಲ್‌ಗಳ ನಡುವನ್ನು ಕೇಳುತ್ತದೆ. ಪೈಕ್ಯೂಟಿಗ್ರಾಫ್‌ನ ಸೆಟ್‌ರೆಕ್ಟ್ ಅಂಚು. ಲ್ಯಾಬ್‌ವ್ಯೂನಲ್ಲಿ ಇಂಡೆಕ್ಸ್ ಎಂದರೆ ಬಣ್ಣದ ಚೌಕದ ಕೆಳ ಎಡ ಮೂಲೆ, ಅಲ್ಲಿಗೆ ಅದೂ ಅಂಚೇ.

1280 ಕಾಲಮ್ ಇರುವಾಗ ಇದರಿಂದ ಆಗುವ ತಪ್ಪು ಶೇ. 0.08. ಯಾರೂ ಕೇಳುವುದಿಲ್ಲ. ಆದರೆ ಎಲ್ಲ ಚಿತ್ರವೂ ಕ್ಯಾಮೆರಾದಿಂದ ಬರುವುದಿಲ್ಲವಲ್ಲ. ಇಂದೋರ್‌ನ ಇಂಡಸ್-2 ಸಿಂಕ್ರೊಟ್ರಾನ್‌ನಲ್ಲಿ ಮೈಕ್ರೋಫೋಕಸ್ ಎಕ್ಸ್‌ರೇ ಫ್ಲೋರೆಸೆನ್ಸ್ ಮ್ಯಾಪ್ ತೆಗೆಯುವಾಗ, ಅಥವಾ ಇಲ್ಲೇ ಎಕ್ಸ್‌ವೈ ಸ್ಟೇಜ್ ಮೇಲೆ ಮಾದರಿ ಸರಿಸುತ್ತ ಬಿಂದು ಬಿಂದು ಅಳೆಯುವಾಗ, ಚಿತ್ರದಲ್ಲಿ ಪಿಕ್ಸೆಲ್ ಇರುವುದೇ ಹತ್ತಿಪ್ಪತ್ತು. 0ಯಿಂದ 5 ಮಿ.ಮೀ. ತನಕ 0.5 ಹೆಜ್ಜೆಯಲ್ಲಿ ಸ್ಕ್ಯಾನ್ ಮಾಡಿದರೆ 11 ಬಿಂದು. ಅಂಚು ಕೇಳುವ ತಂತ್ರಾಂಶಕ್ಕೆ 0 ಮತ್ತು 5 ಕೊಟ್ಟರೆ 11 ಚೌಕಗಳು 5 ಮಿ.ಮೀ.ಯಲ್ಲಿ ಒತ್ತಿ ಕೂರುತ್ತವೆ, ಒಂದೊಂದೂ 0.4545. ಮೊದಲ ಬಿಂದು 0.227ರಲ್ಲಿ ಕಾಣುತ್ತದೆ, 0.5ರದ್ದು 0.682ರಲ್ಲಿ, 5ರದ್ದು 4.773ರಲ್ಲಿ. ನಡುವಿನ 2.5 ಮಾತ್ರ ತನ್ನ ಜಾಗದಲ್ಲೇ ಇರುತ್ತದೆ. ಮಾದರಿಯನ್ನು ಮಧ್ಯಕ್ಕೆ ಇಟ್ಟು ಪರೀಕ್ಷಿಸುವವರಿಗೆ ತಪ್ಪು ಸಿಗದಿರುವುದು ಅದಕ್ಕೇ. ಸರಿಯಾದ ಅಂಚುಗಳು ಮೈನಸ್ 0.25 ಮತ್ತು 5.25. ಇದೇ ಅಂಕಿಗಳನ್ನು ಮ್ಯಾಟ್‌ಲ್ಯಾಬ್‌ಗೆ ಒಯ್ದರೆ ಅಲ್ಲಿ ತಪ್ಪಾಗುತ್ತದೆ, ಅದಕ್ಕೆ 0 ಮತ್ತು 5 ಸರಿ.

ಸ್ಟೇಜ್ ಚಲಿಸುತ್ತಿರುವಾಗಲೇ ಎಣಿಸುವ ಫ್ಲೈ ಸ್ಕ್ಯಾನ್ ಆದರೆ ಬಿಂದುವಿನ ಸ್ಥಾನ ಎಂದರೆ ಎಣಿಕೆಯ ಆರಂಭವೋ ನಡುವೋ ಎಂಬ ಇನ್ನೊಂದು ಅರ್ಧ ಹೆಜ್ಜೆ ಸೇರುತ್ತದೆ. ಎರಡೂ ದಿಕ್ಕಿನಲ್ಲಿ ಓಡಾಡುತ್ತ ಸ್ಕ್ಯಾನ್ ಮಾಡಿದರೆ ಸಾಲು ಬಿಟ್ಟು ಸಾಲು ಎಡಬಲ ಸರಿದ ಗರಗಸದಂತಹ ಅಂಚು ಕಂಡರೆ ಮೊದಲು ಇದನ್ನೇ ಶಂಕಿಸಿ.

ಅಕ್ಷ ಸಮನಾಗಿಲ್ಲದಾಗ

ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಲೈನ್ ಸ್ಕ್ಯಾನ್ ಸ್ಪೆಕ್ಟ್ರಲ್ ಕ್ಯಾಮೆರಾದಲ್ಲಿ ನೋಡುವ ಏರ್ಪಾಡು ತೆಗೆದುಕೊಳ್ಳಿ. ಪ್ರತಿ ಫ್ರೇಮ್‌ನಲ್ಲಿ ಒಂದು ಅಕ್ಷ ಬೆಲ್ಟಿನ ಅಡ್ಡಗಲ, ಇನ್ನೊಂದು ತರಂಗಾಂತರ. ಬೆಲ್ಟಿನ ಉದ್ದಕ್ಕೆ ಫ್ರೇಮ್‌ಗಳು ಪೇರಿಸಿಕೊಳ್ಳುತ್ತ ಹೋಗುತ್ತವೆ. ಮೂರು ದಿಕ್ಕು, ಮೂರು ಬಗೆಯ ಸ್ಕೇಲ್.

ಅಡ್ಡಗಲಕ್ಕೆ ಮೇಲೆ ಹೇಳಿದ್ದೇ ಸಾಕು. ಬೆಲ್ಟಿನ ಉದ್ದಕ್ಕೆ ಸ್ಕೇಲ್ ಎಂದರೆ ಬೆಲ್ಟಿನ ವೇಗ ಭಾಗಿಸು ಸೆಕೆಂಡಿನ ಲೈನ್ ಸಂಖ್ಯೆ. ಸೆಕೆಂಡಿಗೆ 20 ಮಿ.ಮೀ., 100 ಲೈನ್ ಆದರೆ ಲೈನಿಗೆ 0.2 ಮಿ.ಮೀ. 12 ಸೆಂ.ಮೀ. ಉದ್ದದ ಕಾಯಿ 600 ಲೈನ್ ತಗೊಳ್ಳುತ್ತದೆ. ಈಗ ಬೆಳಕು ಸಾಲದೆಂದು ಎಕ್ಸ್‌ಪೋಷರ್ 15 ಮಿಲಿಸೆಕೆಂಡ್ ಮಾಡಿದಿರಿ. ಕ್ಯಾಮೆರಾ ಸೆಕೆಂಡಿಗೆ ಸುಮಾರು 67 ಲೈನ್‌ಗಿಂತ ಹೆಚ್ಚು ಕೊಡಲಾರದು, ಕೇಳಿದ 100 ಕೇಳಿದ್ದಾಗೇ ಉಳಿಯುತ್ತದೆ. ಲೈನಿಗೆ 0.3 ಮಿ.ಮೀ. ಆಯಿತು, ಕಾಯಿ 400 ಲೈನಿನಲ್ಲಿ ಮುಗಿಯಿತು, ಹಳೆಯ ಸ್ಕೇಲ್ ಅದನ್ನು 8 ಸೆಂ.ಮೀ. ಎಂದು ತೋರಿಸಿತು. ಇಲ್ಲಿಯೂ ಕೇಳಿದ ದರವಲ್ಲ, ಸಿಕ್ಕ ದರವೇ ಸ್ಕೇಲಿಗೆ ಹೋಗಬೇಕು.

ತರಂಗಾಂತರದ ಅಕ್ಷವೇ ನಿಜವಾದ ತಲೆನೋವು. ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುವ ಗ್ರೇಟಿಂಗ್‌ನಿಂದ ಬರುವ ತರಂಗಾಂತರ ಪಿಕ್ಸೆಲ್ ಜೊತೆ ಸರಳರೇಖೆಯಲ್ಲಿ ಏರುವುದಿಲ್ಲ. ಪಾದರಸದ 404.66, 435.83, 546.07, 576.96, 579.07 ನ್ಯಾನೋಮೀಟರ್ ಗೆರೆಗಳು, ಕೆಂಪಿನ ಕಡೆಗೆ ನಿಯಾನ್‌ನ 585.25, 640.22, 703.24 ಇವುಗಳನ್ನು ಹಿಡಿದು ಎರಡನೇ ಅಥವಾ ಮೂರನೇ ಘಾತದ ಬಹುಪದಿ ಹೊಂದಿಸಬೇಕು. ವರ್ಗಪದದ ಗುಣಾಂಕ ಪಿಕ್ಸೆಲ್ ವರ್ಗಕ್ಕೆ ಮೈನಸ್ 0.00002 ನ್ಯಾನೋಮೀಟರ್ ಇದ್ದರೂ ಸಾಕು: ಎರಡು ತುದಿಯ ಅಂಕಿ ಸರಿಯಾಗಿ ಕೊಟ್ಟು ನಡುವೆ ಸಮನಾಗಿ ಹಂಚಿದರೆ 1280 ಪಿಕ್ಸೆಲ್‌ನ ಮಧ್ಯದಲ್ಲಿ 8.2 ನ್ಯಾನೋಮೀಟರ್ ತಪ್ಪು ಬೀಳುತ್ತದೆ. ಪಾದರಸದ ಹಳದಿ ಜೋಡಿಗೆರೆಗಳ ನಡುವಿನ ಅಂತರವೇ 2.11.

ಮಿನಿಮಮ್-ಮ್ಯಾಕ್ಸಿಮಮ್ ಆಗಲಿ, ಮಲ್ಟಿಪ್ಲೈಯರ್ ಆಗಲಿ ಇಲ್ಲಿ ಕೈಲಾಗದವು. ಮ್ಯಾಟ್‌ಲ್ಯಾಬ್ ಇಮೇಜ್‌ಎಸ್‌ಸಿಗೆ 1280 ತರಂಗಾಂತರಗಳ ಪೂರ್ತಿ ಪಟ್ಟಿ ಕೊಟ್ಟರೂ ಅದು ಮೊದಲನೆಯದು, ಕೊನೆಯದು ಮಾತ್ರ ಓದಿ ಉಳಿದದ್ದನ್ನು ಬಿಟ್ಟುಬಿಡುತ್ತದೆ, ದೂರು ಕೂಡ ಹೇಳದೆ. ಉಳಿಯುವುದು ಎರಡು ದಾರಿ. ಮ್ಯಾಟ್‌ಪ್ಲಾಟ್‌ಲಿಬ್‌ನ ಪಿಕಲರ್‌ಮೆಶ್ ಪ್ರತಿ ಪಿಕ್ಸೆಲ್‌ಗೂ ಅದರದೇ ಅಂಚು ಇಟ್ಟುಕೊಳ್ಳುತ್ತದೆ. 1280 ಕಾಲಮ್‌ಗೆ 1281 ಅಂಚು ಕೊಡಿ. ನಿಖರ, ಆದರೆ ನಿಧಾನ. ಸೆಕೆಂಡಿಗೆ 67 ಸಲ ಬಿಡಿಸಲಾರದು. ಇನ್ನೊಂದು, ಡೇಟಾವನ್ನೇ ಸಮ ಅಂತರದ ತರಂಗಾಂತರಗಳಿಗೆ ಇಂಟರ್‌ಪೊಲೇಟ್ ಮಾಡಿ ಸಾಮಾನ್ಯ ವಿಜೆಟ್‌ಗೆ ಕೊಡುವುದು. ನೇರ ಪ್ರದರ್ಶನಕ್ಕೆ ಇದನ್ನೇ ಬಳಸಿ, ಆದರೆ ಫೈಲಿಗೆ ಮೂಲ ಡೇಟಾ ಹೋಗಲಿ. ಮಾದರಿಯನ್ನು ಬಿಳಿ ಟೈಲ್‌ನಿಂದ ಭಾಗಿಸಿದ ಪ್ರತಿಫಲನಕ್ಕೆ ಇಷ್ಟು ಸಾಕು. ಒಟ್ಟು ಎಣಿಕೆ ಬೇಕಾದವರು ಪಿಕ್ಸೆಲ್‌ಗೆ ಎಷ್ಟು ನ್ಯಾನೋಮೀಟರ್ ಎಂಬ ಬದಲಾವಣೆಯಿಂದಲೂ ತಿದ್ದಬೇಕು. ಪೈಕ್ಯೂಟಿಗ್ರಾಫ್‌ನಲ್ಲಿ ಅಕ್ಷವನ್ನು ಲಾಗ್ ಮಾಡಿದರೆ ಚಿತ್ರವೂ ಲಾಗ್ ಆಗುತ್ತದೆ ಎಂದು ತಿಳಿಯಬೇಡಿ, ಅಂಕಿಗಳು ಬದಲಾಗುತ್ತವೆ, ಚಿತ್ರ ಕದಲುವುದಿಲ್ಲ.

ಮೂಲೆಯ ಪರೀಕ್ಷೆ

ತಲೆಕೆಳಗು, ಎಡಬಲ, ಸಾಲು-ಕಾಲಮ್ ಅದಲುಬದಲು ಈ ಮೂರನ್ನೂ ಒಂದೇ ಸಲಕ್ಕೆ ಹಿಡಿಯುವ ಪರೀಕ್ಷೆ ಇದೆ. ಅಗಲ 4, ಎತ್ತರ 3, ಒಟ್ಟು 12 ಅಂಕಿಯ ಅರೇ ಕಳಿಸಿ. ಮೊದಲನೆಯದು 255, ನಾಲ್ಕನೆಯದು 128, ಉಳಿದವೆಲ್ಲ 0. ಕ್ಯಾಮೆರಾ ರೂಢಿಯಂತೆ ಸರಿಯಾಗಿದ್ದರೆ ಮೇಲಿನ ಎಡ ಮೂಲೆ ಬೆಳ್ಳಗೆ, ಮೇಲಿನ ಬಲ ಮೂಲೆ ಬೂದು. ಬೂದು ಬಣ್ಣ ಕೆಳಗಿನ ಎಡಕ್ಕೆ ಹೋಗಿದ್ದರೆ ಟ್ರಾನ್ಸ್‌ಪೋಸ್. ಪೈಕ್ಯೂಟಿಗ್ರಾಫ್‌ನಲ್ಲಿ ಇದು ಸಾಮಾನ್ಯ, ಅದರ ಡಿಫಾಲ್ಟ್ ಕಾಲಮ್ ಮೊದಲು, ಸೆಟ್ಟಿಂಗ್‌ನಲ್ಲಿ ರೋ ಮೇಜರ್ ಮಾಡಿ. ಎರಡೂ ಕೆಳಸಾಲಿನಲ್ಲಿದ್ದರೆ ವೈ ತಿರುಗಿದೆ. ಚೌಕಾಕಾರದ ಅರೇ ಬೇಡ, 4 ಮತ್ತು 3 ಬೇರೆ ಇದ್ದರೇನೇ ಮಡಿಕೆಯ ತಪ್ಪೂ ಸಿಗುವುದು.

ವೈ ತಿರುಗಿಸುವಾಗ ಅಕ್ಷದ ಅಂಕಿ ಮಾತ್ರ ತಿರುಗಿಸುತ್ತಿದ್ದೀರೋ, ಚಿತ್ರವನ್ನೂ ತಿರುಗಿಸುತ್ತಿದ್ದೀರೋ ನೋಡಿಕೊಳ್ಳಿ. ಎರಡನ್ನೂ ಮಾಡಿದರೆ ತಪ್ಪು ಮೊದಲಿದ್ದಲ್ಲೇ ಬಂದು ಕೂರುತ್ತದೆ. ನಮ್ಮ ಸಲಹೆ: ಡೇಟಾವನ್ನು ಕ್ಯಾಮೆರಾ ಕೊಟ್ಟ ಹಾಗೇ ಬಿಡಿ, ಅಕ್ಷದ ದಿಕ್ಕನ್ನು ಮಾತ್ರ ಬದಲಿಸಿ.

ಸ್ಕೇಲ್ ಸರಿ ಇದ್ದೂ ದುಂಡನೆಯ ಲೇಸರ್ ಚುಕ್ಕೆ ಮೊಟ್ಟೆಯಾಗಿ ಕಂಡರೆ ಅದು ಕಿಟಕಿಯ ಆಕಾರದ್ದು. ಮ್ಯಾಟ್‌ಪ್ಲಾಟ್‌ಲಿಬ್‌ನ ಇಮ್‌ಶೋ ಮತ್ತು ಪೈಕ್ಯೂಟಿಗ್ರಾಫ್‌ನ ಇಮೇಜ್‌ವ್ಯೂ ಅನುಪಾತ ಕಾಯುತ್ತವೆ. ಇಮೇಜ್‌ಎಸ್‌ಸಿಗೆ ಆಕ್ಸಿಸ್ ಇಮೇಜ್ ಎಂದು ಹೇಳಬೇಕು. ಲ್ಯಾಬ್‌ವ್ಯೂ ಇಂಟೆನ್ಸಿಟಿ ಗ್ರಾಫ್ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಪ್ಲಾಟ್ ಭಾಗವನ್ನು 5ಕ್ಕೆ 4ರ ಅನುಪಾತದಲ್ಲಿ ನೀವೇ ಎಳೆದು ಇಡಬೇಕು.

ಬಣ್ಣದ ಅಕ್ಷ

ಜೋಡಿಸುವಾಗ ಆಟೋಸ್ಕೇಲ್, ಹೋಲಿಸುವಾಗ ನಿಗದಿತ ಮಿತಿ. ಆಟೋಸ್ಕೇಲ್‌ನಲ್ಲಿ ಒಂದು ಹಾಟ್ ಪಿಕ್ಸೆಲ್ (ಬೆಳಕಿಲ್ಲದೆಯೂ ದೊಡ್ಡ ಅಂಕಿ ಕೊಡುವ ಕೆಟ್ಟ ಪಿಕ್ಸೆಲ್) ಸಾಕು, ಉಳಿದ ಚಿತ್ರವೆಲ್ಲ ಕಪ್ಪು. 12 ಬಿಟ್ ಕ್ಯಾಮೆರಾಗೆ ಮೇಲ್ಮಿತಿ 4095. ಡೇಟಾ 16 ಬಿಟ್‌ನ ಎಡಕ್ಕೆ ಒತ್ತಿ ಬರುತ್ತಿದ್ದರೆ 65520. ಬೆಳಕಿನ ಚುಕ್ಕೆಯ ನಟ್ಟನಡುವೆ ಕಪ್ಪು ತೂತು ಕಂಡರೆ ಗಾಬರಿಯಾಗಬೇಡಿ: 8 ಬಿಟ್ ಅಂಕಿಗಳನ್ನು ಚಿಹ್ನೆ ಸಹಿತ ಎಂದು ಓದಿ 127ರ ಮೇಲಿನದೆಲ್ಲ ಋಣವಾಗಿದೆ. ಫೀಬಸ್‌ನಲ್ಲಿ ಅನ್‌ಸೈನ್ಡ್ ಡೇಟಾ ಎಂಬ ಗುರುತು ಹಾಕಿದರೆ ತೂತು ಮುಚ್ಚುತ್ತದೆ.

ಇಮೇಜ್‌ಜೆಗೆ ಒಯ್ಯುವಾಗ

ಕೊನೆಗೆ ಬಹುತೇಕ ಚಿತ್ರಗಳು ಚಿತ್ರ ಅಳೆಯುವ ಉಚಿತ ತಂತ್ರಾಂಶ ಇಮೇಜ್‌ಜೆಯಲ್ಲೇ ತೆರೆದುಕೊಳ್ಳುತ್ತವೆ. ಅನಲೈಸ್ ಮೆನುವಿನ ಸೆಟ್ ಸ್ಕೇಲ್‌ನಲ್ಲಿ ಪಿಕ್ಸೆಲ್ ದೂರ, ಗೊತ್ತಿರುವ ದೂರ, ಯೂನಿಟ್ ಬರೆಯುವುದು ಎಲ್ಲರಿಗೂ ಗೊತ್ತು. ಕೆಳಗಿರುವ ಗ್ಲೋಬಲ್ ಎಂಬ ಗುರುತು ನೋಡದೆ ಹಾಕಿಬಿಡುವುದೂ ಉಂಟು. ಅದನ್ನು ಹಾಕಿದರೆ 10 ಎಕ್ಸ್‌ನ 0.52 ಆಮೇಲೆ ತೆರೆಯುವ 4 ಎಕ್ಸ್ ಚಿತ್ರಗಳಿಗೂ ಅಂಟುತ್ತದೆ, ಅವುಗಳ ನಿಜವಾದ ಅಳತೆ 1.3 ಆಗಿದ್ದರೂ. ಬಿನ್ನಿಂಗ್ ಮಾಡಿದ ಚಿತ್ರವನ್ನು ಬಿನ್ನಿಂಗ್ ಇಲ್ಲದ ಅಳತೆಯಿಂದ ತೆರೆದರೂ ಇದೇ ಕಥೆ. ಪರದೆಯ ಸ್ಕ್ರೀನ್‌ಶಾಟ್ ತೆರೆದು ಅಳೆಯುವುದಂತೂ ಬೇಡವೇ ಬೇಡ. ಅಲ್ಲಿನ ಪಿಕ್ಸೆಲ್ ಮಾನಿಟರ್‌ನದು, ಕ್ಯಾಮೆರಾದ್ದಲ್ಲ. ಟಿಫ್ ಅಥವಾ ಎಚ್‌ಡಿಎಫ್5 ಮೂಲ ಫೈಲನ್ನೇ ತೆರೆಯಿರಿ, ಗ್ಲೋಬಲ್ ಗುರುತು ತೆಗೆಯಿರಿ, ಪಿಕ್ಸೆಲ್ ಅಳತೆ ಮತ್ತು ಬಿನ್ನಿಂಗ್ ಎರಡನ್ನೂ ಫೈಲಿನ ಹೆಸರಿನಲ್ಲೇ ಸೇರಿಸಿಡಿ.